ಆನುವಂಶಿಕ ಕಬ್ಬಿಣಾಧಿಕ್ಯ: ರೋಗನಿರ್ಣಯದ ವಿಕಾಸ ಮತ್ತು ರಕ್ತ ತೆಗೆಯುವ ಚಿಕಿತ್ಸೆ

ಮನುಷ್ಯದೇಹಕ್ಕೆ ಕಬ್ಬಿಣವನ್ನು ಹೀರಿಕೊಳ್ಳುವುದು ಗೊತ್ತೇ ಹೊರತು, ಹೆಚ್ಚಾದ ಕಬ್ಬಿಣವನ್ನು ಹೊರಹಾಕುವುದು ಗೊತ್ತಿಲ್ಲ. ಆರೋಗ್ಯವಂತ ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣವಿದ್ದು, ಅದರ ಬಹುಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿ ಸೇರಿರುತ್ತದೆ. ಸಣ್ಣ ಕರುಳಿನ ಮೊದಲ ಭಾಗವು ಆಹಾರದಿಂದ ದಿನಕ್ಕೆ 1ರಿಂದ 2 ಮಿಲಿಗ್ರಾಂನಷ್ಟನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ, ಕರುಳಿನ ಒಳಪದರ ಮತ್ತು ಚರ್ಮದ ಕೋಶಗಳು ಉದುರುವಾಗ ಸರಿಸುಮಾರು ಅಷ್ಟೇ ಹೊರಹೋಗುತ್ತದೆ. ಒಳಬರುವ ಪ್ರಮಾಣದ ಮೇಲಿನ ಈ ಹಿಡಿತ ಹುಟ್ಟಿನಿಂದಲೇ ಸಡಿಲವಾಗಿರುವ ಸ್ಥಿತಿಯನ್ನು ವೈದ್ಯಶಾಸ್ತ್ರವು ಆನುವಂಶಿಕ ಹೀಮೋಕ್ರೊಮ್ಯಾಟೋಸಿಸ್ ಎನ್ನುತ್ತದೆ. ದಿನಕ್ಕೆ ಕೆಲವೇ ಮಿಲಿಗ್ರಾಂನಷ್ಟು ಮಿಗುವ ಕಬ್ಬಿಣವು ಮೂರು ನಾಲ್ಕು ದಶಕಗಳಲ್ಲಿ 20 ಗ್ರಾಂ ಮೀರಿ ಶೇಖರಗೊಂಡು ಯಕೃತ್ತು, ಮೇದೋಜೀರಕ ಗ್ರಂಥಿ, ಹೃದಯ, ಕೀಲುಗಳು ಮತ್ತು ಪಿಟ್ಯುಟರಿ ಗ್ರಂಥಿಯಲ್ಲಿ ತಂಗುತ್ತದೆ. ಈ ರೋಗದ ಕುರಿತ ತಿಳಿವಳಿಕೆ ಒಂದೂವರೆ ಶತಮಾನದಲ್ಲಿ ಶವಪರೀಕ್ಷೆಯ ಮೇಜಿನಿಂದ ವಂಶವಾಹಿಗೆ, ವಂಶವಾಹಿಯಿಂದ ಹಾರ್ಮೋನಿಗೆ ಸರಿದಿದ್ದರೂ, ಚಿಕಿತ್ಸೆ 1950ರ ಸುಮಾರಿಗೆ ಎಲ್ಲಿತ್ತೋ ಬಹುಮಟ್ಟಿಗೆ ಅಲ್ಲಿಯೇ ಇದೆ. ಪ್ರತಿ ಹೊಸ ಶೋಧವೂ ಚಿಕಿತ್ಸಾಕ್ರಮಕ್ಕಿಂತ ಹೆಚ್ಚಾಗಿ ಯಾರನ್ನು ರೋಗಿಯೆಂದು ಕರೆಯಬೇಕೆಂಬ ಗಡಿರೇಖೆಯನ್ನೇ ಬದಲಿಸುತ್ತ ಬಂದಿರುವುದು ಈ ಕ್ಷೇತ್ರದ ವಿಶೇಷ.

ಯಕೃತ್ತು ಗಟ್ಟಿಯಾಗುವ ಸಿರೋಸಿಸ್, ಮಧುಮೇಹ ಮತ್ತು ಚರ್ಮದ ಕಂಚುಬಣ್ಣ ಒಬ್ಬನೇ ರೋಗಿಯಲ್ಲಿ ಕೂಡಿಬಂದದ್ದನ್ನು ಪ್ಯಾರಿಸ್‌ನ ಅರ್ಮಾಂ ಟ್ರೂಸೋ 1865ರಲ್ಲಿ ವರ್ಣಿಸಿದ. 1871ರಲ್ಲಿ ಟ್ರುವಾಸಿಯೆ ಅದಕ್ಕೆ ‘ಕಂಚುಬಣ್ಣದ ಮಧುಮೇಹ’ ಎಂಬ ಹೆಸರನ್ನು ಬಳಸಿದ. ಈಗ ಚಾಲ್ತಿಯಲ್ಲಿರುವ ಹೆಸರನ್ನು 1889ರಲ್ಲಿ ಕೊಟ್ಟವನು ಜರ್ಮನಿಯ ರೋಗಶಾಸ್ತ್ರಜ್ಞ ಫಾನ್ ರೆಕ್ಲಿಂಗ್‌ಹೌಸೆನ್. ಅಂಗಾಂಗಗಳಲ್ಲಿ ಕಂಡ ಬಣ್ಣ ರಕ್ತದಿಂದ ಬಂದದ್ದೆಂಬುದು ಅವನ ಊಹೆಯಾಗಿತ್ತು. ಇವರೆಲ್ಲ ಕಂಡದ್ದು ರೋಗದ ಕೊನೆಯ ಹಂತವನ್ನು. ಇಂಗ್ಲೆಂಡಿನ ವೈದ್ಯ ಜೋಸೆಫ್ ಶೆಲ್ಡನ್ ಅಲ್ಲಿಯವರೆಗೆ ಪ್ರಕಟವಾಗಿದ್ದ 311 ಪ್ರಕರಣಗಳನ್ನು ಒಂದೆಡೆ ಪರಿಶೀಲಿಸಿ 1935ರಲ್ಲಿ ಬರೆದ ಗ್ರಂಥದಲ್ಲಿ, ಇದು ಕಬ್ಬಿಣದ ಚಯಾಪಚಯದಲ್ಲಿ ಹುಟ್ಟಿನಿಂದಲೇ ಇರುವ ದೋಷವೆಂದೂ ಸಿರೋಸಿಸ್, ಮಧುಮೇಹಗಳೆಲ್ಲ ಅದರ ಪರಿಣಾಮಗಳೆಂದೂ ತೀರ್ಮಾನಿಸಿದ. ವಂಶವಾಹಿಯನ್ನು ಪರೀಕ್ಷಿಸುವ ಯಾವ ಸಾಧನವೂ ಇಲ್ಲದಿದ್ದ ಕಾಲದಲ್ಲಿ, ಅನ್ಯರ ದಾಖಲೆಗಳನ್ನು ತಾಳ್ಮೆಯಿಂದ ಓದಿಯೇ ತಲುಪಿದ ಈ ತೀರ್ಮಾನ ಇಡೀ ಕ್ಷೇತ್ರದ ಅತ್ಯಂತ ದಿಟ್ಟ ಹೆಜ್ಜೆಯೆನ್ನಬೇಕು. ಎರಡು ವರ್ಷಗಳ ನಂತರ ಮೆಕಾನ್ಸ್ ಮತ್ತು ವಿಡೋಸನ್ ಎಂಬ ಸಂಶೋಧಕರು ದೇಹದ ಕಬ್ಬಿಣದ ಪ್ರಮಾಣ ನಿರ್ಧಾರವಾಗುವುದು ವಿಸರ್ಜನೆಯಿಂದಲ್ಲ, ಹೀರಿಕೆಯಿಂದ ಎಂಬುದನ್ನು ತೋರಿಸಿ ಶೆಲ್ಡನ್‌ನ ವಾದಕ್ಕೆ ಶರೀರಶಾಸ್ತ್ರದ ಆಧಾರವನ್ನು ಒದಗಿಸಿದರು.

ಆದರೂ ವಾದ ಅಲ್ಲಿಗೆ ಮುಗಿಯಲಿಲ್ಲ. ರೋಗಿಗಳಲ್ಲಿ ಹಲವರು ಮದ್ಯಪಾನಿಗಳೂ ಆಗಿದ್ದುದರಿಂದ, ಇದು ಕುಡಿತ ಮತ್ತು ಆಹಾರದೋಷದಿಂದ ಬರುವ ಸಿರೋಸಿಸ್‌ನ ಇನ್ನೊಂದು ರೂಪವಷ್ಟೇ ಎಂದು ಅಮೆರಿಕದ ಮ್ಯಾಕ್‌ಡೊನಾಲ್ಡ್ 1960ರ ದಶಕದಲ್ಲಿ ಬಲವಾಗಿ ವಾದಿಸಿದ. ಫ್ರಾನ್ಸಿನ ರೆನ್ ನಗರದ ಮಾರ್ಸೆಲ್ ಸಿಮೋನ್ ಮತ್ತು ಸಂಗಡಿಗರು 1970ರ ದಶಕದ ಮಧ್ಯಭಾಗದಲ್ಲಿ ಈ ರೋಗಕ್ಕೂ, ಅಂಗಾಂಶಗಳ ಹೊಂದಾಣಿಕೆಯನ್ನು ನಿರ್ಧರಿಸುವ ಗುರುತುಗಳಲ್ಲಿ ಒಂದಾದ ಎಚ್‌ಎಲ್‌ಎ-ಎ3ಕ್ಕೂ ಇರುವ ನಂಟನ್ನು ತೋರಿಸಿದ ಮೇಲೆ, ದೋಷವು ಆರನೆಯ ವರ್ಣತಂತುವಿನಲ್ಲಿದೆಯೆಂದೂ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಅದು ರೋಗಕ್ಕೆ ದಾರಿ ಮಾಡಿಕೊಡುತ್ತದೆಯೆಂದೂ ಸ್ಪಷ್ಟವಾಯಿತು.

ಚಿಕಿತ್ಸೆ ಈ ವಾದ ತೀರುವುದಕ್ಕಾಗಿ ಕಾಯಲಿಲ್ಲ. ಸುಶ್ರುತಸಂಹಿತೆಯ ಸಿರಾವ್ಯಧದಿಂದ ಹಿಡಿದು ಯುರೋಪಿನ ಕ್ಷೌರಿಕ ವೈದ್ಯರವರೆಗೆ ಎಲ್ಲರೂ ನಾನಾ ರೋಗಗಳಿಗೆ ಬಳಸುತ್ತಿದ್ದ ರಕ್ತಮೋಕ್ಷಣವು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಧುನಿಕ ವೈದ್ಯದಲ್ಲಿ ಬಹುಪಾಲು ಮೂಲೆಗುಂಪಾಗಿತ್ತು. ಅದನ್ನು ಲೆಕ್ಕಾಚಾರದ ಆಧಾರದ ಮೇಲೆ ಮರಳಿ ತಂದ ಕೆಲವೇ ರೋಗಗಳಲ್ಲಿ ಇದು ಒಂದು. ಒಂದು ಬಾರಿಗೆ ತೆಗೆಯುವ 450ರಿಂದ 500 ಮಿಲಿಲೀಟರ್ ರಕ್ತದೊಂದಿಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ, ಕಳೆದುಹೋದ ಕಣಗಳ ಜಾಗಕ್ಕೆ ಹೊಸದನ್ನು ತಯಾರಿಸಲು ಅಸ್ಥಿಮಜ್ಜೆಯು ಯಕೃತ್ತಿನ ದಾಸ್ತಾನಿಗೆ ಕೈಹಾಕುತ್ತದೆ, ಹೀಗೆ ಸೂಜಿ ಮುಟ್ಟಲಾರದ ಅಂಗಗಳಿಂದಲೂ ಕಬ್ಬಿಣ ಕರಗುತ್ತ ಬರುತ್ತದೆ. ಮತ್ತೆ ಮತ್ತೆ ರಕ್ತ ತೆಗೆದಾಗ ಆಗುವ ಪರಿಣಾಮವನ್ನು ಅಮೆರಿಕದ ಡೇವಿಸ್ ಮತ್ತು ಆರೋಸ್ಮಿತ್ 1950ರಲ್ಲಿ ವರದಿ ಮಾಡಿದರು. ಲಂಡನ್ನಿನ ಬೊಮ್‌ಫರ್ಡ್ ಮತ್ತು ವಿಲಿಯಮ್ಸ್ 1976ರಲ್ಲಿ ಪ್ರಕಟಿಸಿದ ದೀರ್ಘಾವಧಿಯ ಫಲಿತಾಂಶಗಳ ಪ್ರಕಾರ, ರೋಗ ಪತ್ತೆಯಾದ ಐದು ವರ್ಷಗಳ ಬಳಿಕ ಚಿಕಿತ್ಸೆ ಪಡೆದವರಲ್ಲಿ ಶೇ. 66ರಷ್ಟು ಮಂದಿಯೂ ಪಡೆಯದವರಲ್ಲಿ ಶೇ. 18ರಷ್ಟು ಮಂದಿಯೂ ಬದುಕುಳಿದಿದ್ದರು. ಇದಕ್ಕಿಂತ ಮುಖ್ಯವಾದದ್ದು 1985ರಲ್ಲಿ ಜರ್ಮನಿಯ ನೀಡೆರೌ ಮತ್ತು ಸಂಗಡಿಗರು 163 ರೋಗಿಗಳ ಅಧ್ಯಯನದಿಂದ ಕಂಡುಕೊಂಡ ಸಂಗತಿ: ಸಿರೋಸಿಸ್ ಮತ್ತು ಮಧುಮೇಹ ತಲೆದೋರುವ ಮೊದಲೇ ಚಿಕಿತ್ಸೆ ಆರಂಭವಾದರೆ ಆಯುಸ್ಸು ಇತರರಷ್ಟೇ ಇರುತ್ತದೆ. ರೋಗವನ್ನು ಲಕ್ಷಣಗಳಿಗಿಂತ ಮುಂಚೆಯೇ ಹುಡುಕಬೇಕೆಂಬ ಒತ್ತಾಯ ಹುಟ್ಟಿದ್ದು ಇಲ್ಲಿಂದ.

ಹುಡುಕುವ ಸಾಧನವೂ ಅಷ್ಟರಲ್ಲಿ ಕೈಗೆ ಬಂದಿತ್ತು. ಕೋಶಗಳಲ್ಲಿ ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ಎಂಬ ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ವೇಲ್ಸ್‌ನ ಕಾರ್ಡಿಫ್‌ನಲ್ಲಿ 1972ರಲ್ಲಿ ರೂಪಿಸಲಾಯಿತು. ಇದರೊಂದಿಗೆ, ರಕ್ತದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ಎಷ್ಟು ತುಂಬಿದೆಯೆಂಬ ಪ್ರಮಾಣ, ಅಂದರೆ ಟ್ರಾನ್ಸ್‌ಫೆರಿನ್ ಸಂತೃಪ್ತಿ, ಶೇ. 45 ಮೀರಿದರೆ ಶಂಕೆ ಬಲವಾಗುತ್ತದೆ. ಉರಿಯೂತ, ಮದ್ಯ, ಯಕೃತ್ತಿನ ಕೊಬ್ಬು ಇವೆಲ್ಲವೂ ಫೆರಿಟಿನ್ನನ್ನು ಏರಿಸುವುದರಿಂದ ಎರಡನ್ನೂ ಒಟ್ಟಿಗೆ ಓದಬೇಕಾಗುತ್ತದೆ. ಯಕೃತ್ತಿನ ಚೂರನ್ನು ತೆಗೆದು ನೋಡುವ ಬಯಾಪ್ಸಿಯ ಜಾಗವನ್ನು ಈಗ ಬಹುಪಾಲು ಎಂಆರ್‌ಐ ಆಕ್ರಮಿಸಿದೆ.

ಚಿಕಿತ್ಸೆಯನ್ನು ಅನುಭವಿಸುವವರ ದೃಷ್ಟಿಯಿಂದ ಅದಕ್ಕೆ ಎರಡು ಘಟ್ಟಗಳಿವೆ. ಮೊದಲನೆಯದು ದಾಸ್ತಾನನ್ನು ಬರಿದು ಮಾಡುವ ಘಟ್ಟ: ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿ ರಕ್ತ ತೆಗೆಯುತ್ತ, ಫೆರಿಟಿನ್ ಲೀಟರಿಗೆ 50 ಮೈಕ್ರೋಗ್ರಾಂನ ಆಸುಪಾಸಿಗೆ ಇಳಿಯುವವರೆಗೆ ಮುಂದುವರಿಸುತ್ತಾರೆ. 10 ಗ್ರಾಂ ಹೆಚ್ಚುವರಿ ಕಬ್ಬಿಣವಿರುವ ವ್ಯಕ್ತಿಗೆ 40ಕ್ಕೂ ಹೆಚ್ಚು ಬಾರಿ ರಕ್ತ ತೆಗೆಸಿಕೊಳ್ಳಬೇಕಾಗುವುದರಿಂದ ಈ ಘಟ್ಟವೇ ಒಂದು ವರ್ಷ ಹಿಡಿಯಬಹುದು. ಆ ಅವಧಿಯಲ್ಲಿ ತಲೆಸುತ್ತು, ಮರುದಿನದವರೆಗೂ ಉಳಿಯುವ ಸುಸ್ತು, ಪದೇ ಪದೇ ಚುಚ್ಚಿಸಿಕೊಂಡು ಗಡಸಾದ ನರ, ಕೆಲಸದ ನಡುವೆ ರಜೆ ಹೊಂದಿಸಿಕೊಳ್ಳುವ ಪಾಡು ಸಾಮಾನ್ಯ. ಎರಡನೆಯದು ನಿರ್ವಹಣೆಯ ಘಟ್ಟ. ವರ್ಷಕ್ಕೆ ಎರಡರಿಂದ ಆರು ಬಾರಿಯಂತೆ ಅದು ಜೀವನಪರ್ಯಂತ ನಡೆಯುತ್ತದೆ. ಸುಸ್ತು, ಚರ್ಮದ ಬಣ್ಣ ಮತ್ತು ಯಕೃತ್ತಿನ ಕಿಣ್ವಗಳು ಬಹಳ ಮಂದಿಯಲ್ಲಿ ಸುಧಾರಿಸುತ್ತವೆ. ಆದರೆ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳಲ್ಲಿ ವಿಶಿಷ್ಟವಾಗಿ ಕಾಣುವ ಕೀಲುನೋವು ಕಬ್ಬಿಣ ಇಳಿದ ಮೇಲೂ ಎಷ್ಟೋ ಬಾರಿ ಹಾಗೆಯೇ ಉಳಿಯುವುದರಿಂದ, ಪರೀಕ್ಷೆಯ ವರದಿ ಚೆನ್ನಾಗಿದ್ದೂ ಕೈ ಮುಷ್ಟಿ ಕಟ್ಟಲಾಗದ ರೋಗಿಗೆ ತನ್ನ ಸ್ಥಿತಿಯನ್ನು ಇತರರಿಗೆ ವಿವರಿಸುವುದು ಕಷ್ಟವಾಗುತ್ತದೆ. ಪಥ್ಯದ ವಿಷಯದಲ್ಲಿ ರೋಗಿಗಳು ಅಗತ್ಯಕ್ಕಿಂತ ಹೆಚ್ಚು ಅಂಜುತ್ತಾರೆ. ಕಬ್ಬಿಣದ ಮಾತ್ರೆ, ವಿಟಮಿನ್ ಸಿ ಮಾತ್ರೆ ಮತ್ತು ಮದ್ಯವನ್ನು ದೂರವಿಡುವುದು, ರಕ್ತದಲ್ಲಿ ಕಬ್ಬಿಣ ಹೆಚ್ಚಿದ್ದಾಗ ಸಮುದ್ರದ ವಿಬ್ರಿಯೊ ಬ್ಯಾಕ್ಟೀರಿಯಾದ ಸೋಂಕು ಮಾರಕವಾಗುವುದರಿಂದ ಹಸಿ ಚಿಪ್ಪುಜೀವಿಗಳನ್ನು ತಿನ್ನದಿರುವುದು ಮುಖ್ಯವೇ ಹೊರತು, ಸೊಪ್ಪು ಕಾಳುಗಳನ್ನು ಬಿಡುವುದರಿಂದ ಒಂದು ಬಾರಿಯ ರಕ್ತ ತೆಗೆಸುವಿಕೆಗೆ ಸಮನಾದ ಲಾಭವೂ ಸುಲಭವಾಗಿ ಸಿಗದು.

1996ರಲ್ಲಿ ಕ್ಯಾಲಿಫೋರ್ನಿಯಾದ ಫೆಡರ್ ಮತ್ತು ಸಂಗಡಿಗರು ಈಗ ಎಚ್‌ಎಫ್‌ಇ ಎಂದು ಕರೆಯಲಾಗುವ ವಂಶವಾಹಿಯನ್ನು ಪತ್ತೆಹಚ್ಚಿ, ತಾವು ಪರೀಕ್ಷಿಸಿದ 178 ರೋಗಿಗಳಲ್ಲಿ ಶೇ. 83ರಷ್ಟು ಮಂದಿಗೆ ಸಿ282ವೈ ಎಂಬ ಒಂದೇ ರೂಪಾಂತರದ ಎರಡು ಪ್ರತಿಗಳಿರುವುದನ್ನು ತೋರಿಸಿದರು. ವಾಯವ್ಯ ಯುರೋಪಿನಲ್ಲಿ ಹುಟ್ಟಿ ಹರಡಿದ ಈ ರೂಪಾಂತರ ಐರ್ಲೆಂಡಿನಲ್ಲಿ ಅತಿ ಸಾಮಾನ್ಯವಾಗಿದ್ದು, ಅಲ್ಲಿ ಸುಮಾರು 83 ಮಂದಿಗೆ ಒಬ್ಬರಲ್ಲಿ ಎರಡೂ ಪ್ರತಿಗಳಿವೆ. ಆ ದ್ವೀಪದ ಉತ್ತರಕ್ಕಿರುವ ರಾಥ್ಲಿನ್‌ನಲ್ಲಿ ಸಿಕ್ಕ, ನಾಲ್ಕು ಸಾವಿರ ವರ್ಷಗಳ ಆಸುಪಾಸಿನ ಕಂಚಿನ ಯುಗದ ಅಸ್ಥಿಯಲ್ಲಿಯೂ ಅದು ಇದ್ದುದನ್ನು 2016ರ ಅಧ್ಯಯನವೊಂದು ದೃಢಪಡಿಸಿತು.

ಪರೀಕ್ಷೆ ಸುಲಭವಾದೊಡನೆ ತೊಡಕೂ ಹುಟ್ಟಿತು. ಸ್ಯಾನ್ ಡಿಯೇಗೊದಲ್ಲಿ ಬ್ಯೂಟ್ಲರ್ ತಂಡವು 41,038 ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ಪ್ರತಿಗಳಿದ್ದ 152 ಮಂದಿಯ ಪೈಕಿ ರೋಗದ ಪೂರ್ಣ ಚಿತ್ರವಿದ್ದದ್ದು ಒಬ್ಬರಲ್ಲಿ ಮಾತ್ರ. 2008ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಬಂದ ದೀರ್ಘಕಾಲಿಕ ಅಧ್ಯಯನವೋ ಅಂಥ ಗಂಡಸರಲ್ಲಿ ಶೇ. 28.4ರಷ್ಟು, ಹೆಂಗಸರಲ್ಲಿ ಶೇ. 1.2ರಷ್ಟು ಮಂದಿಗೆ ಕಬ್ಬಿಣ ಸಂಬಂಧಿ ಕಾಯಿಲೆ ಬಂದದ್ದನ್ನು ಕಂಡಿತು. ಹೆಂಗಸರಿಗೆ ಮುಟ್ಟು ಮತ್ತು ಹೆರಿಗೆ ದಶಕಗಳ ಕಾಲ ರಕ್ಷಣೆ ಕೊಡುತ್ತವೆಂಬುದು ಮೊದಲೇ ತಿಳಿದಿತ್ತು. ಎರಡು ಅಧ್ಯಯನಗಳ ನಡುವಿನ ಅಂತರಕ್ಕೆ ಮುಖ್ಯ ಕಾರಣ ಜನರಲ್ಲಲ್ಲ, ‘ಕಾಯಿಲೆ’ ಎಂದು ಯಾವುದನ್ನು ಎಣಿಸಬೇಕೆಂಬ ನಿಯಮದಲ್ಲಿದೆ: ಸುಸ್ತು ಮತ್ತು ಗಂಟುನೋವು ಯಾರಿಗೆ ತಾನೇ ಇಲ್ಲ?

ಈ ಪ್ರಶ್ನೆಗೆ ಆಸ್ಟ್ರೇಲಿಯಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವು ಜಾಣ ಉತ್ತರವನ್ನು ಹುಡುಕಿತು. ಮಾತ್ರೆಯ ಪ್ರಯೋಗದಲ್ಲಿ ಸಕ್ಕರೆ ಗುಳಿಗೆ ಕೊಟ್ಟು ರೋಗಿಯ ನಿರೀಕ್ಷೆಯ ಪ್ರಭಾವವನ್ನು ತೆಗೆದುಹಾಕಬಹುದು. ರಕ್ತ ತೆಗೆಯುವುದನ್ನು ನಟಿಸುವುದು ಹೇಗೆ? ಫೆರಿಟಿನ್ ಮಧ್ಯಮ ಮಟ್ಟದಲ್ಲಿ, ಅಂದರೆ 300ರಿಂದ 1000ದ ನಡುವೆ, ಇದ್ದ ನೂರರಷ್ಟು ಮಂದಿಯನ್ನು ಎರಡು ಗುಂಪಾಗಿಸಿ, ಎಲ್ಲರನ್ನೂ ರಕ್ತದ ಘಟಕಗಳನ್ನು ಬೇರ್ಪಡಿಸುವ ಯಂತ್ರಕ್ಕೆ ಜೋಡಿಸಿ, ಒಂದು ಗುಂಪಿನಿಂದ ಕೆಂಪು ಕಣಗಳನ್ನೂ ಇನ್ನೊಂದರಿಂದ ಕಬ್ಬಿಣ ಅತ್ಯಲ್ಪವಿರುವ ಪ್ಲಾಸ್ಮಾವನ್ನೂ ಅವರಿಗೆ ಗೊತ್ತಾಗದಂತೆ ತೆಗೆಯಲಾಯಿತು. ಕೆಂಪು ಕಣ ತೆಗೆದವರಲ್ಲಿ ದಣಿವಿನ ಅಳತೆ ಹೆಚ್ಚು ಸುಧಾರಿಸಿತು. ಅಂಗಹಾನಿಯಿಲ್ಲದವರಿಗೂ ಚಿಕಿತ್ಸೆ ಫಲ ಕೊಡುತ್ತದೆಂಬುದಕ್ಕೆ ಇಂಥ ಪುರಾವೆ ಅದಕ್ಕೆ ಮೊದಲು ಇರಲಿಲ್ಲ.

ಹೀಗೆ ತೆಗೆದ ರಕ್ತ ಬಹುಕಾಲ ಚರಂಡಿಗೆ ಹೋಗುತ್ತಿತ್ತು. ಅದರಲ್ಲಿ ದೋಷವೇನೂ ಇಲ್ಲ. ಅಡ್ಡಿಯಾಗಿದ್ದದ್ದು ದಾನದ ನೀತಿ. ಹಣ ತೆತ್ತು ರಕ್ತ ತೆಗೆಸಿಕೊಳ್ಳಬೇಕಾದ ರೋಗಿಗೆ ದಾನಿಯೆನಿಸಿಕೊಂಡರೆ ಅದು ಉಚಿತವಾಗುವುದರಿಂದ, ಸೋಂಕಿನ ಅಪಾಯವನ್ನು ಮುಚ್ಚಿಡುವ ಆಮಿಷ ಹುಟ್ಟಬಹುದೆಂಬುದು ಆತಂಕ. ರಕ್ತ ದಾನಕ್ಕೆ ಯೋಗ್ಯವಾಗಿರಲಿ ಬಿಡಲಿ ಇಂಥ ರೋಗಿಗಳಿಂದ ಶುಲ್ಕ ಪಡೆಯದ ಕೇಂದ್ರಗಳಿಗೆ ಅಮೆರಿಕದ ನಿಯಂತ್ರಣ ಸಂಸ್ಥೆ ಅನುಮತಿ ಕೊಡತೊಡಗಿದ್ದು ಈ ಆಮಿಷವನ್ನು ಇಲ್ಲವಾಗಿಸುವುದಕ್ಕಾಗಿಯೇ. ಐರ್ಲೆಂಡ್, ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಅರ್ಹ ರೋಗಿಗಳ ರಕ್ತ ಇತರರ ಬಳಕೆಗೆ ಹೋಗುತ್ತದೆ.

ರೋಗದ ಒಳಗುಟ್ಟು ತಿಳಿದದ್ದು ಎಲ್ಲಕ್ಕಿಂತ ತಡವಾಗಿ. ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನಿಗೂ ಕಬ್ಬಿಣಕ್ಕೂ ಇರುವ ಸಂಬಂಧ 2001ರಲ್ಲಿ ಫ್ರಾನ್ಸಿನ ಪ್ರಯೋಗಾಲಯಗಳಲ್ಲಿ ಇಲಿಗಳ ಮೂಲಕ ಬೆಳಕಿಗೆ ಬಂತು; ಅದು ಕೋಶದಿಂದ ಕಬ್ಬಿಣವನ್ನು ಹೊರಬಿಡುವ ಕದದಂತಿರುವ ಫೆರೊಪೋರ್ಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದನ್ನು ನಾಶಪಡಿಸುತ್ತದೆಂದು ನೆಮೆತ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಹೀಮೋಕ್ರೊಮ್ಯಾಟೋಸಿಸ್‌ನಲ್ಲಿ ಹೆಪ್ಸಿಡಿನ್ ಸಾಲದೆ ಕರುಳಿನ ಕದ ತೆರೆದೇ ಇರುತ್ತದೆ. ರಕ್ತ ತೆಗೆದಾಗ ಮಜ್ಜೆಯ ಬೇಡಿಕೆಯಿಂದ ಹೆಪ್ಸಿಡಿನ್ ಇನ್ನೂ ಇಳಿದು ಹೀರಿಕೆ ಏರುತ್ತದೆಂಬುದನ್ನು ಗಮನಿಸಿದರೆ, ಈ ಚಿಕಿತ್ಸೆ ಏಕೆ ಮುಗಿಯುವುದೇ ಇಲ್ಲವೆಂಬುದೂ ಅರ್ಥವಾಗುತ್ತದೆ. ಹೆಪ್ಸಿಡಿನ್‌ನ ಕೆಲಸವನ್ನು ಅನುಕರಿಸುವ ರಸ್‌ಫೆರ್ಟೈಡ್ ಎಂಬ ಚುಚ್ಚುಮದ್ದನ್ನು ಪಡೆದ 16 ರೋಗಿಗಳಲ್ಲಿ ರಕ್ತ ತೆಗೆಸುವ ಅಗತ್ಯ ಬಹುಮಟ್ಟಿಗೆ ತಪ್ಪಿದ್ದು 2023ರಲ್ಲಿ ವರದಿಯಾಗಿದೆ; ವರ್ಷಕ್ಕೆ ನಾಲ್ಕು ಬಾರಿಯ ಸೂಜಿಗೆ ಬದಲಾಗಿ ಪದೇ ಪದೇ ಪಡೆಯಬೇಕಾದ ಚುಚ್ಚುಮದ್ದು ಎಷ್ಟು ಮಂದಿಗೆ ಬೇಕಾದೀತೆಂಬುದು ಬೇರೆ ಮಾತು.

ಸಿ282ವೈ ಭಾರತೀಯರಲ್ಲಿ ಅತಿ ವಿರಳ. ಇಲ್ಲಿ ಕಬ್ಬಿಣಾಧಿಕ್ಯವೆಂದರೆ ಮುಖ್ಯವಾಗಿ ಪದೇ ಪದೇ ರಕ್ತ ಪಡೆಯುವ ಥಲಸ್ಸೇಮಿಯಾ ಮಕ್ಕಳ ಸಮಸ್ಯೆ. ರಕ್ತಹೀನತೆಯೇ ಮೂಲರೋಗವಾಗಿರುವ ಅವರಿಂದ ರಕ್ತ ತೆಗೆಯುವಂತಿಲ್ಲವಾದ್ದರಿಂದ, ಕಬ್ಬಿಣವನ್ನು ಬಂಧಿಸಿ ಹೊರಗೆ ಸಾಗಿಸುವ ಔಷಧಗಳೇ ಗತಿ. ಆದರೆ ಹೆಪ್ಸಿಡಿನ್ ವ್ಯವಸ್ಥೆಯ ಇತರ ವಂಶವಾಹಿಗಳ ದೋಷದಿಂದ ಹರೆಯದಲ್ಲೇ ಹೃದಯವನ್ನು ಕೆಡಿಸುವ ರೂಪಗಳು ಯಾವ ಜನಾಂಗದಲ್ಲಾದರೂ ತಲೆದೋರಬಹುದಾದ್ದರಿಂದ, ಬೆಂಗಳೂರಿನಲ್ಲಾಗಲಿ ಡಬ್ಲಿನ್‌ನಲ್ಲಾಗಲಿ ಭಾರತೀಯ ಮೂಲದ ವ್ಯಕ್ತಿಯ ಎಚ್‌ಎಫ್‌ಇ ಪರೀಕ್ಷೆ ಸಹಜವೆಂದು ಬಂದ ಮಾತ್ರಕ್ಕೆ ಶಂಕೆಯನ್ನು ಕೈಬಿಡುವಂತಿಲ್ಲ. ಅಂತರರಾಷ್ಟ್ರೀಯ ಬಯೋಐರನ್ ಸಂಘವು 2022ರಲ್ಲಿ ಸೂಚಿಸಿದ ವರ್ಗೀಕರಣದಲ್ಲಿ ಎಚ್‌ಎಫ್‌ಇ ಸಂಬಂಧಿ, ಇತರ ವಂಶವಾಹಿ ಸಂಬಂಧಿ ಮತ್ತು ಎರಡು ವಂಶವಾಹಿಗಳು ಕೂಡಿದ ರೂಪಗಳ ಜೊತೆಗೆ, ಅಣುಮಟ್ಟದ ಕಾರಣ ಇನ್ನೂ ಪತ್ತೆಯಾಗದವರಿಗಾಗಿ ನಾಲ್ಕನೆಯ ವರ್ಗವೊಂದನ್ನು ಇಟ್ಟಿದೆ. ಟ್ರಾನ್ಸ್‌ಫೆರಿನ್ ಸಂತೃಪ್ತಿ ಏರಿದ್ದು, ಎಂಆರ್‌ಐಯಲ್ಲಿ ಯಕೃತ್ತಿನ ಕಬ್ಬಿಣ ಕಂಡು, ಹಿಮೋಗ್ಲೋಬಿನ್ ತಾಳಿಕೊಳ್ಳುವಂತಿದ್ದರೆ, ವಂಶವಾಹಿಯ ಹೆಸರು ತಿಳಿಯುವ ಮೊದಲೇ ಆ ವರ್ಗದವರ ಚಿಕಿತ್ಸೆಯನ್ನು ಆರಂಭಿಸಬಹುದು.