ಓದಬಾರದೆಂದ ಗ್ರಂಥ, ಕಾಣದಂತೆ ಮಾಡಿದ ಪುಟ

1619ರಲ್ಲಿ ಲಂಡನ್ನಿನಲ್ಲಿ ಇಟಾಲಿಯನ್ ಭಾಷೆಯ ಬೃಹತ್ ಗ್ರಂಥವೊಂದು ಅಚ್ಚಾಯಿತು. ಅದು ಟ್ರೆಂಟ್ ಮಹಾಸಭೆಯ ಇತಿಹಾಸ. ಮುಖಪುಟದಲ್ಲಿದ್ದ ಲೇಖಕನ ಹೆಸರು ಪಿಯೆತ್ರೊ ಸೊವಾವೆ ಪೊಲಾನೊ. ಅಂಥ ಹೆಸರಿನ ಲೇಖಕನೇ ಇರಲಿಲ್ಲ. ವೆನಿಸ್ ನಗರದ ಪಾವ್ಲೊ ಸಾರ್ಪಿ ತಮ್ಮ ಹೆಸರಿನ ಮತ್ತು ಊರಿನ ಅಕ್ಷರಗಳನ್ನೇ ಅತ್ತಿತ್ತ ಕೂಡಿಸಿ ಕಟ್ಟಿಕೊಂಡ ಮರೆಯ ಹೆಸರದು. ಸಾರ್ಪಿ ಸೇವಕರ ಸಭೆಗೆ ಸೇರಿದ ಸನ್ಯಾಸಿ, ಗುರು, ವೆನಿಸ್ ಗಣರಾಜ್ಯದ ಅಧಿಕೃತ ದೈವಶಾಸ್ತ್ರಜ್ಞ. ಜಗದ್ಗುರು ಐದನೆಯ ಪೌಲರು 1606ರಲ್ಲಿ ವೆನಿಸ್ಸಿನ ಮೇಲೆ ಧಾರ್ಮಿಕ ನಿರ್ಬಂಧ ವಿಧಿಸಿದಾಗ ಗಣರಾಜ್ಯದ ಪರವಾಗಿ ಲೇಖನಿ ಹಿಡಿದವರು ಇವರೇ. ಧರ್ಮಸಭೆಯನ್ನು ಸುಧಾರಿಸಿ ಒಂದುಗೂಡಿಸಲೆಂದು ಕೂಡಿದ ಮಹಾಸಭೆಯನ್ನು ರೋಮಿನ ಆಡಳಿತವರ್ಗವು ತನ್ನ ಅಧಿಕಾರವನ್ನು ಭದ್ರಪಡಿಸಿಕೊಳ್ಳುವ ಸಾಧನವಾಗಿ ತಿರುಗಿಸಿಕೊಂಡಿತು ಎಂಬುದು ಗ್ರಂಥದ ಒಟ್ಟು ವಾದ. ಅದೇ ವರ್ಷ ಅದು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿತು.

ಧಾರ್ಮಿಕ ಸಮುದಾಯವೊಂದು ತನ್ನ ಸದಸ್ಯರನ್ನು ಟೀಕೆಯಿಂದ ದೂರವಿಡಲು ಯತ್ನಿಸುವುದು ಅಂತರಜಾಲದ ಕಾಲದ ಹೊಸ ವಿದ್ಯಮಾನವೆಂದು ಭಾವಿಸುವವರು ಸಾರ್ಪಿಯ ಪ್ರಕರಣವನ್ನು ಗಮನಿಸಬೇಕು. ಇದು ವಿಶ್ವಾಸಸೂತ್ರವನ್ನು ಅಲ್ಲಗಳೆದ ಪಾಷಂಡಿಯ ಕೃತಿಯಾಗಿರಲಿಲ್ಲ. ಸಂಸ್ಥೆಯ ನಡತೆಯ ಮೇಲೆ ಒಳಗಿನವನೊಬ್ಬ ರಾಯಭಾರಿಗಳ ಪತ್ರಗಳನ್ನೂ ಕಾಗದಪತ್ರಗಳನ್ನೂ ಮುಂದಿಟ್ಟುಕೊಂಡು ಬರೆದ ದೋಷಾರೋಪಪಟ್ಟಿಯಾಗಿತ್ತು. ಪಟ್ಟಿ ಮಾತ್ರ ಈ ಎರಡರ ನಡುವೆ ಭೇದವೆಣಿಸಲಿಲ್ಲ.

ಆ ಪಟ್ಟಿಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ನಾಲ್ಕನೆಯ ಪೌಲರು 1559ರಲ್ಲಿ ಮೊದಲ ರೋಮನ್ ಪಟ್ಟಿಯನ್ನು ಹೊರಡಿಸಿದರು. 1564ರ ಪಟ್ಟಿಯೊಡನೆ ಹತ್ತು ನಿಯಮಗಳು ಬಂದವು. 1571ರಲ್ಲಿ ಇದಕ್ಕೆಂದೇ ಪ್ರತ್ಯೇಕ ಆಯೋಗವೊಂದು ಸ್ಥಾಪನೆಯಾಯಿತು. 1917ರಲ್ಲಿ ಅದರ ಕೆಲಸ ಪವಿತ್ರ ಕಾರ್ಯಾಲಯಕ್ಕೆ ಸೇರಿತು. 1948ರ ಕೊನೆಯ ಆವೃತ್ತಿಯಲ್ಲಿ ಸುಮಾರು 4,000 ಶೀರ್ಷಿಕೆಗಳಿದ್ದವು. 1966ರ ಜೂನ್ 14ರ ಪ್ರಕಟಣೆಯು ಪಟ್ಟಿಗೆ ಇನ್ನು ಮುಂದೆ ಕಾನೂನಿನ ಬಲವಿಲ್ಲವೆಂದು ಸಾರಿ, ವಿವೇಚನೆಯ ಹೊಣೆಯನ್ನು ವಿಶ್ವಾಸಿಗಳ ಅಂತಃಸಾಕ್ಷಿಗೆ ವಹಿಸಿತು.

ಪಟ್ಟಿಯನ್ನು ಸಮರ್ಥಿಸಿದವರು ಮೂಢರಾಗಿರಲಿಲ್ಲ. ವೈದ್ಯನು ವಿಷವನ್ನು ರೋಗಿಯ ಕೈಗೆಟುಕದಂತೆ ಇರಿಸುತ್ತಾನೆ. ದುರ್ಬಲ ಮನಸ್ಸಾಕ್ಷಿಯ ಸಹೋದರನನ್ನು ಎಡವಿಸಬಾರದೆಂದು ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ. ಕುರಿಗಾಹಿಗೆ ತೋಳವನ್ನು ತಡೆಯುವ ಕರ್ತವ್ಯವಿದೆ. ಈ ವಾದಗಳಲ್ಲಿ ಹುರುಳಿದೆ, ಇಂದಿಗೂ ಇದೆ. ಎಫೆಸದಲ್ಲಿ ಮಾಟಮಂತ್ರದ ಗ್ರಂಥಗಳನ್ನು ಸುಟ್ಟ ಪ್ರಸಂಗವನ್ನೂ ಅವರು ಆಗಾಗ ಮುಂದಿಡುತ್ತಿದ್ದರು. ಆದರೆ ಪ್ರೇಷಿತರ ಕಾರ್ಯಕಲಾಪಗಳ ಹತ್ತೊಂಬತ್ತನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಅಲ್ಲಿ ಸುಟ್ಟವರು ಗ್ರಂಥಗಳ ಒಡೆಯರೇ ಎಂಬುದು ತಿಳಿಯುತ್ತದೆ. ಅವರು ಆ ಗ್ರಂಥಗಳನ್ನು ಬಲ್ಲವರು, ಬಳಸಿದವರು. ಪೌಲರು ಯಾರ ಮನೆಯ ಕಪಾಟನ್ನೂ ಶೋಧಿಸಲಿಲ್ಲ.

ಸಾರ್ಪಿಯ ಗ್ರಂಥಕ್ಕೆ ಮರಳೋಣ. ನಿಷೇಧ ಯಾರನ್ನು ತಡೆಯಿತು? ಲಂಡನ್ನಿನವರನ್ನಲ್ಲ, ಜಿನೀವಾದವರನ್ನಲ್ಲ. ಮರುವರ್ಷವೇ ಅದು ಇಂಗ್ಲಿಷಿಗೂ ಲ್ಯಾಟಿನ್ನಿಗೂ ಅನುವಾದವಾಯಿತು. ಪ್ರಾಟೆಸ್ಟಂಟ್ ಬೋಧಕನಿಗೆ ಅದು ಕೈಪಿಡಿಯಾಯಿತು. ಅವನಿಗೆ ಉತ್ತರ ಕೊಡಬೇಕಾಗಿದ್ದ ಕಥೋಲಿಕ ಗುರುವಿಗೆ ಮಾತ್ರ ಅದನ್ನು ತೆರೆಯಲು ಅನುಮತಿಪತ್ರ ಬೇಕಾಗಿತ್ತು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಮೊದಲ ಗ್ರಂಥಪಾಲಕ ಥಾಮಸ್ ಜೇಮ್ಸ್ ಅವರಂತೂ ರೋಮಿನ ಪಟ್ಟಿಯನ್ನೇ ಕೊಳ್ಳತಕ್ಕ ಪುಸ್ತಕಗಳ ಮಾರ್ಗದರ್ಶಿಯೆಂದು ಪರಿಗಣಿಸಿ, 1627ರಲ್ಲಿ ಅದನ್ನು ತಮ್ಮ ಗ್ರಂಥಾಲಯದ ಉಪಯೋಗಕ್ಕಾಗಿ ಅಚ್ಚುಹಾಕಿಸಿದರು. ಅದನ್ನು ಮಾಡುವಾಗ ಅವರು ಒಳಗೊಳಗೇ ನಕ್ಕಿರಬೇಕು.

ರೋಮ್ ಉತ್ತರ ಕೊಡಲೇ ಇಲ್ಲವೆಂದಲ್ಲ. ಯೇಸುಸಭೆಯ ಸ್ಫೋರ್ಜಾ ಪಲ್ಲವಿಚಿನೊ 1656 ಮತ್ತು 1657ರಲ್ಲಿ ಟ್ರೆಂಟ್ ಮಹಾಸಭೆಯ ಪ್ರತಿ-ಇತಿಹಾಸವನ್ನು ಪ್ರಕಟಿಸಿದರು. ಅವರಿಗೆ ರೋಮಿನ ಮೂಲ ದಾಖಲೆಗಳು ದೊರೆತಿದ್ದವು. ಸಾರ್ಪಿಯ ತಪ್ಪುಗಳನ್ನು ಅವರು ಒಂದೊಂದಾಗಿ ಎತ್ತಿ ತೋರಿಸಿದರು. ಅವುಗಳಲ್ಲಿ ಎಷ್ಟೋ ನಿಜವಾದ ತಪ್ಪುಗಳೇ. ಆದರೂ ಅದು ಸಂಶಯವನ್ನು ಅಳಿಸಲಿಲ್ಲ. ಆಕ್ಷೇಪಣೆಯನ್ನು ಓದಲಾಗದವನ ಕೈಗೆ ಉತ್ತರವನ್ನು ಕೊಟ್ಟಂತಾಯಿತು. ಆಕ್ಷೇಪಣೆಯನ್ನು ಓದಿದವನಾದರೋ ಉತ್ತರದ ಆಧಾರಗಳನ್ನು ಪರೀಕ್ಷಿಸುವಂತಿರಲಿಲ್ಲ, ಏಕೆಂದರೆ ಆ ಕಾಗದಗಳಿಗೆ ಬೀಗ ಬಿದ್ದಿತ್ತು. 1564ರಲ್ಲಿ ಮಹಾಸಭೆಯನ್ನು ಸ್ಥಿರೀಕರಿಸಿದಾಗಲೇ ನಾಲ್ಕನೆಯ ಪಿಯುಸರು ಅದರ ತೀರ್ಪುಗಳ ಮೇಲೆ ಅನುಮತಿಯಿಲ್ಲದೆ ಟೀಕೆ, ವ್ಯಾಖ್ಯಾನಗಳನ್ನು ಪ್ರಕಟಿಸಕೂಡದೆಂದು ವಿಧಿಸಿದ್ದರು. ಮಹಾಸಭೆಯ ಕಥೆಯನ್ನು ಹೇಳುವ ಬಯಲು ಸಾರ್ಪಿಗೆ ತೆರವಾಗಿ ಸಿಕ್ಕಿದ್ದು ಹಾಗೆ.

ಈ ವ್ಯಾಜ್ಯ ಇತ್ಯರ್ಥದತ್ತ ಸಾಗಿದ್ದು ಹದಿಮೂರನೆಯ ಲಿಯೊ ಅವರು 1881ರಲ್ಲಿ ವ್ಯಾಟಿಕನ್ ದಾಖಲಾಗಾರದ ಬಾಗಿಲನ್ನು ಎಲ್ಲ ಮತಗಳ ವಿದ್ವಾಂಸರಿಗೂ ತೆರೆದ ಮೇಲೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಮಹಾಸಭೆಯ ಕಡತಗಳು, ದಿನಚರಿಗಳು, ಪತ್ರಗಳು ಸಂಪುಟ ಸಂಪುಟವಾಗಿ ಹೊರಬಂದವು. ಅವುಗಳ ಆಧಾರದ ಮೇಲೆ ಜರ್ಮನ್ ಗುರು ಹ್ಯೂಬರ್ಟ್ ಯೆದಿನ್ ಟ್ರೆಂಟಿನ ಇತಿಹಾಸ ಬರೆದರು. ಮೊದಲ ಸಂಪುಟ 1949ರಲ್ಲಿ ಬಂತು, ಕೊನೆಯದು 1975ರಲ್ಲಿ. ತಾಯಿ ಯಹೂದಿ ಮೂಲದವರಾಗಿದ್ದ ಕಾರಣ ನಾತ್ಸಿ ಆಡಳಿತದಿಂದ ತಪ್ಪಿಸಿಕೊಂಡು ರೋಮಿನಲ್ಲಿ ಆಶ್ರಯ ಪಡೆದಿದ್ದ ವಿದ್ವಾಂಸ ಅವರು. ಸಾರ್ಪಿಯದು ಅಭಿಯೋಗಿಯ ವಾದ, ಪಲ್ಲವಿಚಿನೊ ಅವರದು ಪ್ರತಿವಾದಿಯ ವಕಾಲತ್ತು ಎಂಬುದನ್ನು ಅವರು ಇಬ್ಬರ ಬಗೆಗೂ ದಾಕ್ಷಿಣ್ಯವಿಲ್ಲದೆ ತೋರಿಸಿದರು. ಸಾರ್ಪಿಗೆ ನಂಬಲರ್ಹವಾದ ಉತ್ತರ ಸಿಕ್ಕುವ ವೇಳೆಗೆ ಮುನ್ನೂರಕ್ಕೂ ಹೆಚ್ಚು ವರ್ಷಗಳು ಸಂದಿದ್ದವು.

ನಮ್ಮ ನೆರೆಯಲ್ಲಿ ಇದಕ್ಕಿಂತ ಕಠೋರವಾದುದು ನಡೆಯಿತು. 1599ರ ಜೂನ್ ತಿಂಗಳಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಅಲೇಶೊ ದ ಮೆನೆಜಿಸ್ ಕೇರಳದ ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಸಂತ ತೋಮರ ಕ್ರೈಸ್ತರ ಸಿರಿಯಕ್ ಗ್ರಂಥಗಳನ್ನು ತಿದ್ದಬೇಕು ಇಲ್ಲವೇ ಸುಡಬೇಕು ಎಂದು ತೀರ್ಮಾನಿಸಿದರು. ಅವು ಟೀಕೆಯ ಗ್ರಂಥಗಳಲ್ಲ, ಒಂದು ಸಮುದಾಯದ ಆರಾಧನೆಯ ನೆನಪು. ಆದರೆ ರೋಮಿನ ಕಣ್ಣಿಗೆ ನೆಸ್ಟೋರಿಯನ್ ಪಾಷಂಡದ ಸೋಂಕು. ಇಂದು ಆ ಸಮುದಾಯದ ಪ್ರಾಚೀನ ಚರಿತ್ರೆಯನ್ನು ಬರೆಯಹೊರಟವನಿಗೆ, ಸುಡಬೇಕಾದ ಗ್ರಂಥಗಳ ಹೆಸರುಗಳಿರುವ ಆ ನಿರ್ಣಯವೇ ಕಳೆದುಹೋದ ಗ್ರಂಥಗಳ ಸೂಚಿಯಾಗಿ ಉಳಿದಿದೆ. 1653ರ ಕೂನನ್ ಶಿಲುಬೆಯ ಪ್ರತಿಜ್ಞೆಗೆ ಕಾರಣಗಳು ಹಲವು. ಉದಯಂಪೇರೂರಿನ ಬೆಂಕಿಯ ನೆನಪನ್ನು ಅವುಗಳಿಂದ ಹೊರಗಿಡಲಾಗದು.

ಧರ್ಮಸಭೆಯು ತನ್ನ ಈ ಪದ್ಧತಿಯನ್ನು ತಾನೇ ವಿಮರ್ಶಿಸಿಕೊಂಡದ್ದೂ ಉಂಟು. ಹದಿನಾಲ್ಕನೆಯ ಬೆನೆಡಿಕ್ಟ್ 1753ರಲ್ಲಿ ಹೊರಡಿಸಿದ ಸಂವಿಧಾನಪತ್ರವು ಪರೀಕ್ಷಕರಿಗೆ ಗ್ರಂಥವನ್ನು ಆದ್ಯಂತ ಓದಬೇಕೆಂದು ಆದೇಶಿಸಿತು. ವಾಕ್ಯಗಳನ್ನು ಸಂದರ್ಭದಿಂದ ಕಿತ್ತು ಅರ್ಥಮಾಡಬಾರದು; ತನ್ನ ರಾಷ್ಟ್ರದ ಅಥವಾ ತನ್ನ ಪಂಥದ ಮೇಲಣ ಮೋಹವನ್ನು ಬದಿಗಿಡಬೇಕು; ಒಬ್ಬ ಪರೀಕ್ಷಕ ನಿಷೇಧವನ್ನು ಸೂಚಿಸಿದರೆ ಮೊದಲಿನವನ ಹೆಸರನ್ನು ತಿಳಿಸದೆ ಇನ್ನೊಬ್ಬನಿಗೆ ಗ್ರಂಥವನ್ನು ಕೊಡಬೇಕು; ಸತ್ಕೀರ್ತಿಯುಳ್ಳ ಕಥೋಲಿಕ ಲೇಖಕನಾದರೆ ಸಾಧ್ಯವಾದಷ್ಟೂ ಅವನ ಅಹವಾಲನ್ನು ಕೇಳಬೇಕು. ಈ ನಿಯಮಗಳು ಎಲ್ಲ ಕಾಲದಲ್ಲೂ ಪಾಲನೆಯಾಗಲಿಲ್ಲವೆಂಬುದು ಬೇರೆ ಮಾತು. ನಿಷೇಧಿಸುವವನೂ ಒಂದು ವಿಧಿಗೆ ಬದ್ಧನೆಂಬ ತತ್ತ್ವ ಅಲ್ಲಿ ಬರಹದಲ್ಲಿ ನಿಂತಿತು. ಪಟ್ಟಿಯೂ ಬಹಿರಂಗವಾಗಿತ್ತು. ತನಗೆ ಯಾವ ಗ್ರಂಥ ನಿಷಿದ್ಧವೆಂಬುದನ್ನು ಓದುಗನು ಹೆಸರು ಸಮೇತ ತಿಳಿಯಬಲ್ಲವನಾಗಿದ್ದ, ಅನುಮತಿಯನ್ನು ಬೇಡಬಲ್ಲವನಾಗಿದ್ದ.

ಅಂತರಜಾಲದ ಯುಗದಲ್ಲಿ ಕಳೆದುಹೋದದ್ದು ಈ ಬಹಿರಂಗತೆ. ಸೈಂಟಾಲಜಿ ಸಂಸ್ಥೆಯ ಉದಾಹರಣೆಯನ್ನು ನೋಡಬಹುದು. ಯೂಸ್‌ನೆಟ್ ಎಂಬ ಜಾಲದಲ್ಲಿ 1991ರಿಂದ ಆ ಸಂಸ್ಥೆಯ ಕುರಿತ ಚರ್ಚಾಗುಂಪೊಂದಿತ್ತು. ಮಾಜಿ ಸದಸ್ಯರು ಅಲ್ಲಿ ಸಂಸ್ಥೆಯ ಗುಪ್ತ ಬೋಧನೆಗಳನ್ನು ಬಯಲುಮಾಡತೊಡಗಿದಾಗ, 1995ರ ಜನವರಿಯಲ್ಲಿ ಸಂಸ್ಥೆಯ ವಕೀಲರು ಆ ಗುಂಪನ್ನೇ ಅಳಿಸಿಹಾಕುವಂತೆ ಜಾಲಕ್ಕೆ ಆದೇಶ ಕಳುಹಿಸಿದರು. ಗುಂಪು ಅಳಿಯಲಿಲ್ಲ, ಓದುವವರ ಸಂಖ್ಯೆ ಹೆಚ್ಚಿತು. ಕೃತಿಸ್ವಾಮ್ಯದ ಮೊಕದ್ದಮೆಗಳೂ ಮನೆಗಳ ಶೋಧವೂ ನಡೆದವು. ಹೊರಗಿನ ಬಾಯಿಗಳನ್ನು ಕಟ್ಟಲಾಗದಾಗ ದೃಷ್ಟಿ ಒಳಗಿನ ಕಣ್ಣುಗಳತ್ತ ತಿರುಗಿತು. 1998ರಲ್ಲಿ ಸದಸ್ಯರಿಗೆ ಸ್ವಂತ ಜಾಲಪುಟ ರಚಿಸಿಕೊಳ್ಳಲೆಂದು ಒಂದು ಸಿ.ಡಿ. ಹಂಚಲಾಯಿತು. ಅದರೊಡನೆ ಸೋಸುವ ತಂತ್ರಾಂಶವೊಂದೂ ಅವರ ಕಂಪ್ಯೂಟರಿಗೆ ಸೇರುತ್ತಿತ್ತು. ಟೀಕಾಕಾರರ ಹೆಸರುಗಳು, ಗುಪ್ತ ಬೋಧನೆಯ ಪದಗಳು ತಂತ್ರಾಂಶದೊಳಗಿನ ಪಟ್ಟಿಯಲ್ಲಿ ಅಡಗಿದ್ದವು. ಅವುಗಳಿದ್ದ ಪುಟ ಸದಸ್ಯನ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಪಟ್ಟಿಯನ್ನು ಹೊರತೆಗೆದು ಪ್ರಕಟಿಸಿದವರು ಟೀಕಾಕಾರರೇ.

ಐದನೆಯ ಪಿಯುಸರ ಆಯೋಗಕ್ಕೂ ಈ ತಂತ್ರಾಂಶಕ್ಕೂ ಇರುವ ಅಂತರ ಯಂತ್ರದ್ದು ಮಾತ್ರವಲ್ಲ. ನಿಷೇಧವನ್ನು ಅರಿತು ಓದದಿರುವವನು ವಿಧೇಯತೆ ತೋರುತ್ತಾನೆ. ಅದು ಸರಿಯಾದ ವಿಧೇಯತೆಯೋ ಅಲ್ಲವೋ ಎಂಬ ಚರ್ಚೆಗೆ ಎಡೆಯುಂಟು. ಅವನ ಇಚ್ಛಾಶಕ್ತಿಯಂತೂ ಅಲ್ಲಿ ಪಾಲ್ಗೊಂಡಿದೆ. ತನ್ನಿಂದ ಏನನ್ನು ಮರೆಮಾಡಲಾಗಿದೆ ಎಂದೇ ತಿಳಿಯದವನಿಗೆ ವಿಧೇಯನಾಗುವ ಅವಕಾಶವೂ ಇಲ್ಲ. ನೈತಿಕ ದೈವಶಾಸ್ತ್ರದ ದೃಷ್ಟಿಯಿಂದ ನನಗೆ ಎರಡನೆಯದೇ ಹೆಚ್ಚು ಘೋರವಾಗಿ ಕಾಣುತ್ತದೆ.

ಅದೇ ಒತ್ತಡಕ್ಕೆ ಸಿಕ್ಕಿದ ಮಾರ್ಮನ್ ಸಭೆ ಬೇರೆ ಹಾದಿಯನ್ನೂ ಹಿಡಿಯಿತು. ಸದಸ್ಯರು ಅಂತರಜಾಲದಲ್ಲಿ ತಮ್ಮ ಸಭೆಯ ಚರಿತ್ರೆಯನ್ನು ಓದಿ ದೂರವಾಗುತ್ತಿದ್ದಾರೆಂದು ಅದರ ಅಧಿಕೃತ ಇತಿಹಾಸಕಾರರೇ 2011ರಲ್ಲಿ ಒಪ್ಪಿಕೊಂಡಿದ್ದರು. 2013ರ ಕೊನೆಯಿಂದ ಆ ಸಭೆ ತನ್ನ ತಾಣದಲ್ಲಿಯೇ ಪ್ರಬಂಧಗಳನ್ನು ಪ್ರಕಟಿಸತೊಡಗಿತು. ಸ್ಥಾಪಕ ಜೋಸೆಫ್ ಸ್ಮಿತ್‌ಗೆ ಅನೇಕ ಪತ್ನಿಯರಿದ್ದರೆಂಬುದನ್ನೂ ಅವು ಮುಚ್ಚಿಡಲಿಲ್ಲ. ಆದರೆ 2015ರಲ್ಲಿ, ಇಂಥವೇ ವಿಷಯಗಳನ್ನು ವರ್ಷಗಟ್ಟಲೆ ಬಹಿರಂಗವಾಗಿ ಚರ್ಚಿಸಿದ ಧ್ವನಿಸರಣಿಯೊಂದರ ನಿರೂಪಕರನ್ನು ಅದೇ ಸಭೆ ಬಹಿಷ್ಕರಿಸಿತು. ಕಾಗದಗಳನ್ನು ತೆರೆಯುವ ಧೈರ್ಯ ಬಂದ ಮಾತ್ರಕ್ಕೆ ಪ್ರಶ್ನಿಸುವವನನ್ನು ಸಹಿಸುವ ಧೈರ್ಯ ಬರಬೇಕೆಂದಿಲ್ಲ.

ನಮ್ಮ ಸ್ಥಿತಿಯೇನು? ನಮ್ಮಲ್ಲಿ ಈಗ ಪಟ್ಟಿಯಿಲ್ಲ, ತಂತ್ರಾಂಶವೂ ಇಲ್ಲ. ಆದರೆ ಧರ್ಮಕೇಂದ್ರದ ವಾಟ್ಸ್‌ಆ್ಯಪ್ ಗುಂಪಿಗೆ ಗುರುಗಳ ಮೇಲಿನ ಆರೋಪದ ವಿಡಿಯೊವೊಂದು ಬಂದಾಗ, ಅದನ್ನು ನೋಡಬೇಡಿ, ಹಂಚಬೇಡಿ, ಇದು ಸೈತಾನನ ಕೆಲಸ ಎಂದು ಬಲಿಪೀಠದಿಂದ ಹೇಳಿಬಿಡುವ ಮನಸ್ಸು ನಮ್ಮೊಳಗಿದೆ. 1983ರ ಧರ್ಮಸಂಹಿತೆಯ 823ನೆಯ ವಿಧಿ, ಬರಹಗಳಿಂದಲೂ ಸಂಪರ್ಕ ಮಾಧ್ಯಮಗಳಿಂದಲೂ ವಿಶ್ವಾಸಕ್ಕೆ ಮತ್ತು ನೀತಿಗೆ ಹಾನಿ ತಗಲದಂತೆ ಎಚ್ಚರ ವಹಿಸುವ ಹಕ್ಕನ್ನೂ ಕರ್ತವ್ಯವನ್ನೂ ಕುರಿಪಾಲಕರಿಗೆ ಕೊಟ್ಟಿದೆ. ಅದು ರಕ್ಷಿಸುವುದು ವಿಶ್ವಾಸವನ್ನು ಮತ್ತು ನೀತಿಯನ್ನು. ಆಡಳಿತದ ಮಾನವನ್ನು ಕಾಯುವ ಮಾತು ಅಲ್ಲಿಲ್ಲ. 212ನೆಯ ವಿಧಿಯೋ, ಧರ್ಮಸಭೆಯ ಹಿತಕ್ಕೆ ಸಂಬಂಧಿಸಿದ ತಮ್ಮ ಅಭಿಪ್ರಾಯವನ್ನು ತಿಳಿಸಲು ವಿಶ್ವಾಸಿಗಳಿಗೆ ಹಕ್ಕಿದೆ, ಕೆಲವೊಮ್ಮೆ ಕರ್ತವ್ಯವೂ ಇದೆ ಎನ್ನುತ್ತದೆ. ಸಂಗತಿ ತಿಳಿಯದವನು ಯಾವ ಅಭಿಪ್ರಾಯವನ್ನು ತಿಳಿಸಿಯಾನು? 1971ರ ಸಂಪರ್ಕ ಮಾಧ್ಯಮಗಳ ಕುರಿತ ಪಾಲನಾ ಬೋಧಪತ್ರ ಧರ್ಮಸಭೆಯೊಳಗೆ ಸಾರ್ವಜನಿಕ ಅಭಿಪ್ರಾಯ ಇರಬೇಕೆಂದು ಸ್ಪಷ್ಟವಾಗಿ ಹೇಳಿದ್ದರೂ ಅದು ನಮ್ಮ ಗುರುಮಠಗಳ ಪಾಠಗಳಲ್ಲಿ ಹೆಚ್ಚಾಗಿ ಹೆಸರಿಗಷ್ಟೇ ಬರುತ್ತದೆ.

ವಿಡಿಯೊಗಳಲ್ಲಿ ಸುಳ್ಳು ಧಾರಾಳವಾಗಿದೆ, ದ್ವೇಷವೂ ಇದೆ. ಆದರೆ ನಿಜ ಯಾವುದು, ಸುಳ್ಳು ಯಾವುದು ಎಂಬುದನ್ನು ನೋಡದೆ ನಿರ್ಣಯಿಸುವ ವಿದ್ಯೆ ನಮಗೆ ಸಿದ್ಧಿಸಿಲ್ಲ. 2008ರಲ್ಲಿ ಅಮೆರಿಕದ ರಿಚರ್ಡ್ ಸೈಪ್, ಹಿಂದೆ ಬೆನೆಡಿಕ್ಟಿನ್ ಸನ್ಯಾಸಿಯೂ ಗುರುವೂ ಆಗಿದ್ದವರು, ಕಾರ್ಡಿನಲ್ ಥಿಯೊಡೊರ್ ಮೆಕ್ಯಾರಿಕ್ ಗುರುವಿದ್ಯಾರ್ಥಿಗಳೊಡನೆ ನಡೆದುಕೊಂಡ ರೀತಿಯ ಕುರಿತು ಜಗದ್ಗುರುಗಳಿಗೆ ಬರೆದ ಬಹಿರಂಗ ಪತ್ರವನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಯಾರು ಬೇಕಾದರೂ ಅದನ್ನು ಓದಬಹುದಾಗಿತ್ತು. ಸಭೆಯ ಮೇಲೆ ಮುನಿದ ಮಾಜಿ ಗುರುವೊಬ್ಬನ ಮಾತೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಮೆಕ್ಯಾರಿಕ್ ಅವರನ್ನು ಸಾರ್ವಜನಿಕ ಸೇವೆಯಿಂದ ತೆಗೆದದ್ದು 2018ರ ಜೂನ್‌ನಲ್ಲಿ. ಗುರುಪದವಿಯಿಂದಲೇ ಹೊರಹಾಕಿದ್ದು 2019ರ ಫೆಬ್ರವರಿಯಲ್ಲಿ. 2020ರ ನವೆಂಬರ್ 10ರಂದು ಜಗದ್ಗುರು ಫ್ರಾನ್ಸಿಸರ ಅಪ್ಪಣೆಯಂತೆ ಪವಿತ್ರ ಪೀಠವು 400ಕ್ಕೂ ಹೆಚ್ಚು ಪುಟಗಳ ವರದಿಯನ್ನು ಯಾರೂ ಓದಬಹುದಾದಂತೆ ಪ್ರಕಟಿಸಿತು. ಯಾವ ಪತ್ರ ಯಾವಾಗ ಯಾರ ಮೇಜಿಗೆ ಬಂತು, ಯಾರು ಏನೆಂದರು, ಯಾರು ಸುಮ್ಮನಾದರು ಎಂಬುದೆಲ್ಲ ಅದರಲ್ಲಿದೆ. ಸೈಪ್ ಅವರ ಪತ್ರವೂ ಅಲ್ಲಿ ದಾಖಲಾಗಿದೆ. ಧರ್ಮಸಭೆಯ ಇತಿಹಾಸದ ತರಗತಿಯಲ್ಲಿ ಈ ಎರಡನ್ನೂ ಓದಿಸುವುದಾದರೆ ಮೊದಲು ಪತ್ರವನ್ನು, ಬಳಿಕ ವರದಿಯನ್ನು ಓದಿಸಬೇಕು. ನಡುವಣ ಹನ್ನೆರಡು ವರ್ಷಗಳು ಆಗ ವಿದ್ಯಾರ್ಥಿಗಳ ಕಣ್ಣಿಗೆ ಬೀಳುತ್ತವೆ.