ಎಫೆಸಸ್‌ನ ಆರ್ಟೆಮಿಸ್: ಎದೆಯ ಮೇಲಿರುವುದು ನಿಜಕ್ಕೂ ಸ್ತನಗಳೇ?

ಎದೆಯ ತುಂಬ ಸಾಲುಸಾಲು ಉಬ್ಬುಗಳಿರುವ ಅಮೃತಶಿಲೆಯ ದೇವಿಯ ಫೋಟೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ‘ಹಲವು ಸ್ತನಗಳ ಗ್ರೀಕ್ ಫಲವಂತಿಕೆಯ ದೇವತೆ’ ಎಂದು ಅದರ ಕೆಳಗೆ ಬರೆದಿರುತ್ತಾರೆ. ವಿಗ್ರಹ ಅಸಲಿಯೇ. ಆದರೆ ಆ ವಿವರಣೆಯನ್ನು ಹಾಗೇ ನಂಬುವಂತಿಲ್ಲ.

ಯಾರು ಈ ದೇವಿ?

ಈಕೆ ಎಫೆಸಸ್ ನಗರದ ಆರ್ಟೆಮಿಸ್. ಎಫೆಸಸ್ ಇದ್ದದ್ದು ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿ, ಸೆಲ್ಚುಕ್ ಊರಿನ ಬಳಿ. ಗ್ರೀಕರು ಅಲ್ಲಿಗೆ ವಲಸೆ ಬರುವ ಮುಂಚೆಯೇ ಆ ನೆಲದ ಜನ ಒಬ್ಬ ದೇವಿಯನ್ನು ಪೂಜಿಸುತ್ತಿದ್ದರು, ಹೊಸಬರು ಆಕೆಗೆ ತಮ್ಮ ಆರ್ಟೆಮಿಸ್‌ಳ ಹೆಸರು ಕೊಟ್ಟರು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಗ್ರೀಕ್ ಪುರಾಣದ ಆರ್ಟೆಮಿಸ್ ಬಿಲ್ಲು ಹಿಡಿದು ಕಾಡಿನಲ್ಲಿ ಓಡಾಡುವ ಕನ್ಯೆ. ಎಫೆಸಸ್‌ನವಳು ಕಂಬದಂತೆ ನೆಟ್ಟಗೆ ನಿಂತವಳು. ಅವಳ ಉಡುಗೆಯ ಮೇಲೆ ಸಿಂಹ, ಗೂಳಿ, ಜೇನುನೊಣಗಳ ಉಬ್ಬುಚಿತ್ರಗಳಿವೆ. ಅವಳ ದೇವಾಲಯ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿತ್ತು.

‘ಸ್ತನ’ದ ಮಾತು ಎಲ್ಲಿಂದ ಬಂತು?

4ನೇ ಶತಮಾನದ ಹೊತ್ತಿಗೆ ಜೆರೋಮ್‌ನಂಥ ಕ್ರೈಸ್ತ ಲೇಖಕರು ಅವಳನ್ನು ‘ಬಹುಸ್ತನಿ’ ಎಂದು ಬರೆದರು. ಅವರು ಬರೆದದ್ದು ಆ ಪೂಜೆಯನ್ನು ಟೀಕಿಸುವುದಕ್ಕೆ. 16ನೇ ಶತಮಾನದಲ್ಲಿ ಇಟಲಿಯ ಟಿವೊಲಿಯಲ್ಲಿ ಈ ದೇವಿಯ ಎದೆಯಿಂದ ನೀರು ಚಿಮ್ಮುವ ಕಾರಂಜಿಯನ್ನೇ ನಿರ್ಮಿಸಲಾಯಿತು. ಹೀಗೆ ಆ ಕಲ್ಪನೆ ಗಟ್ಟಿಯಾಯಿತು.

ಅನುಮಾನ ಯಾಕೆ?

• ಆ ಉಬ್ಬುಗಳಿಗೆ ಮೊಲೆತೊಟ್ಟುಗಳಿಲ್ಲ.

• ಕೆಲವು ವಿಗ್ರಹಗಳಲ್ಲಿ ಮುಖ, ಕೈಗಳು ಕಪ್ಪು. ಉಬ್ಬುಗಳು ಮಾತ್ರ ಉಡುಗೆಯ ಬಣ್ಣದವು. ಅಂದರೆ ಅವು ಮೈಯ ಭಾಗವಲ್ಲ, ಅಲಂಕಾರ.

• ಅದೇ ಪ್ರದೇಶದ ಲಬ್ರಾಂಡಾದಲ್ಲಿ ಪೂಜೆಗೊಳ್ಳುತ್ತಿದ್ದ ಗಡ್ಡದ ಜ್ಯೂಸ್ ದೇವನ ಎದೆಯ ಮೇಲೂ ಇಂಥವೇ ಉಬ್ಬುಗಳಿವೆ.

ಹಾಗಾದರೆ ಅವು ಏನು?

ಬಲಿ ಕೊಟ್ಟ ಗೂಳಿಗಳ ವೃಷಣಗಳು ಎಂಬ ವಾದ 1979ರಲ್ಲಿ ಬಂತು. ನಂತರ 1980ರ ದಶಕದ ಉತ್ಖನನದಲ್ಲಿ, ದೇವಾಲಯದ ಅತಿ ಹಳೆಯ ಪದರದಲ್ಲಿ, ಕಣ್ಣೀರ ಹನಿಯ ಆಕಾರದ, ರಂಧ್ರ ಕೊರೆದ ಆಂಬರ್ ಮಣಿಗಳು ಸಿಕ್ಕವು. ಮೂಲ ಮರದ ವಿಗ್ರಹಕ್ಕೆ ಇಂಥ ಮಣಿಗಳನ್ನು ತೂಗುಹಾಕುತ್ತಿದ್ದಿರಬಹುದು. ರೋಮನ್ ಕಾಲದ ಶಿಲ್ಪಿಗಳು ಆ ಆಭರಣವನ್ನೇ ಕಲ್ಲಿನಲ್ಲಿ ಕೆತ್ತಿರಬಹುದು. ಚರ್ಚೆ ಇನ್ನೂ ಮುಗಿದಿಲ್ಲ.

ನೆನಪಿಡಿ

ಈ ದೇವಿ ಮೂಲತಃ ಗ್ರೀಕಳಲ್ಲದಿರುವ ಸಾಧ್ಯತೆಯೇ ಹೆಚ್ಚು. ‘ಸ್ತನಗಳು’ ಎಂಬುದು ಅವಳ ಭಕ್ತರ ಮಾತಲ್ಲ, ಟೀಕಾಕಾರರದು. ಅವಳನ್ನು ಬರೀ ಫಲವಂತಿಕೆಯ ದೇವತೆ ಎನ್ನಲು ಆ ಉಬ್ಬುಗಳು ಸಾಕ್ಷಿಯಾಗಲಾರವು. ಫೋಟೊ ಹಂಚುವುದಾದರೆ ಈ ವಿವರವನ್ನೂ ಸೇರಿಸಿ ಕಳಿಸಿ.