ಇಟಲಿಯ ಹುಲ್ಲಿನ ಟೋಪಿ

ಎಝೆನ್ ಲಾಬಿಶ್ (1815–1888) ಮತ್ತು ಮಾರ್ಕ್-ಮಿಷೆಲ್ ಜೊತೆಯಾಗಿ ಬರೆದ, ಐದು ಅಂಕಗಳ ಫ್ರೆಂಚ್ ಪ್ರಹಸನ. ಮೂಲದ ಹೆಸರು 'ಅಂ ಶಾಪೊ ದ ಪಾಯ್ ದಿತಾಲಿ'. ಪ್ಯಾರಿಸ್ಸಿನ ಪಾಲೆ-ರ್ವಾಯಾಲ್ ರಂಗಮಂದಿರದಲ್ಲಿ 1851ರ ಆಗಸ್ಟ್ 14ರಂದು ಮೊದಲು ಪ್ರಯೋಗಗೊಂಡಿತು. ಮಾತಿನ ನಡುವೆ ಹಾಡುಗಳು ಬರುವ ಲಘು ನಾಟಕದ ಬಗೆಯಾದ ವೋಡ್ವಿಲ್‌ಗೆ ಇದು ಸೇರುತ್ತದೆ.

ಕಥಾವಸ್ತು

ಮದುವೆಯ ದಿನವೇ ಫಾದಿನಾರ್ ಎಂಬ ಸ್ಥಿತಿವಂತ ಯುವಕನ ಕುದುರೆ ವ್ಯಾಂಸೆನ್ ಕಾಡಿನಲ್ಲಿ ಒಬ್ಬ ಹೆಂಗಸಿನ ಹುಲ್ಲಿನ ಟೋಪಿಯನ್ನು ಮೇದುಬಿಡುತ್ತದೆ. ಸೇನಾಧಿಕಾರಿಯೊಬ್ಬನ ಜೊತೆ ಗುಟ್ಟಾಗಿ ಬಂದಿದ್ದ ಆ ವಿವಾಹಿತೆ ಟೋಪಿಯಿಲ್ಲದೆ ಸಂಶಯಪಿಶಾಚಿ ಗಂಡನ ಮುಂದೆ ನಿಲ್ಲಲಾರಳಾದ್ದರಿಂದ, ಅಂಥದೇ ಇನ್ನೊಂದನ್ನು ಹುಡುಕಿ ತರುವ ಹೊಣೆ ಮದುಮಗನ ತಲೆಗೆ ಬರುತ್ತದೆ. ಕಾಲು ಕಚ್ಚುವ ಬೂಟು ತೊಟ್ಟು ಹೂಕುಂಡ ಹಿಡಿದ ಮಾವ ನೊನಾಂಕೂರ್, ಎಂಟು ಬಾಡಿಗೆ ಸಾರೋಟುಗಳ ದಿಬ್ಬಣದೊಡನೆ ಅವನ ಬೆನ್ನು ಬೀಳುತ್ತಾನೆ. ದಿಬ್ಬಣದವರು ಟೋಪಿ ಅಂಗಡಿಯನ್ನು ಮದುವೆ ನೋಂದಣಿಯ ಪುರಭವನವೆಂದೂ, ಬ್ಯಾರನೆಸ್ ಒಬ್ಬಳ ಮನೆಯನ್ನು ಊಟದ ಹೋಟೆಲೆಂದೂ, ಆ ಸಂಶಯದ ಗಂಡನ ಮನೆಯನ್ನೇ ಮದುಮಗನ ಮನೆಯೆಂದೂ ಭಾವಿಸುತ್ತಾರೆ. ಅಷ್ಟೆಲ್ಲ ಅಲೆದು ಪತ್ತೆಹಚ್ಚಿದ ಟೋಪಿ ಕುದುರೆ ತಿಂದದ್ದೇ ಆಗಿರುತ್ತದೆ; ಬೇಕಾದದ್ದಾದರೋ ಕಿವುಡ ಬಂಧುವೊಬ್ಬ ಮೊದಲ ಅಂಕದಲ್ಲೇ ತಂದಿಟ್ಟ ಉಡುಗೊರೆಯ ಪೆಟ್ಟಿಗೆಯಲ್ಲಿರುತ್ತದೆ. ತತ್ತ್ವಜ್ಞಾನಿ ಆನ್ರಿ ಬೆರ್ಗ್ಸನ್ ನಗೆಯ ಕುರಿತ ತನ್ನ ಗ್ರಂಥದಲ್ಲಿ (1900), ಪಟ್ಟ ಪಾಡೆಲ್ಲ ಹೊರಟಲ್ಲಿಗೇ ಮರಳುವ ಹಾಸ್ಯಕ್ಕೆ ಈ ನಾಟಕವನ್ನು ಉದಾಹರಿಸುತ್ತಾನೆ.

ಹಾಡುಗಳು

ರೂಪಾಂತರಕಾರರಿಗೆ ತೊಡಕಾದದ್ದು ಕಥೆಯಲ್ಲ, ಹಾಡುಗಳು. ಕೂಪ್ಲೆ ಎನ್ನುವ ಈ ಕಿರುಪದ್ಯಗಳನ್ನು ಬಹುಮಟ್ಟಿಗೆ ಆಗ ಎಲ್ಲರ ಬಾಯಲ್ಲಿದ್ದ ಮಟ್ಟುಗಳಿಗೆ ಹೊಂದಿಸಲಾಗುತ್ತಿತ್ತು. ಆ ಮಟ್ಟಿನ ಹಳೆಯ ಸಾಹಿತ್ಯವನ್ನು ಬಲ್ಲ ಪ್ರೇಕ್ಷಕನಿಗೆ, ಅದೇ ರಾಗಕ್ಕೆ ಕೂರಿಸಿದ ಹೊಸ ಮಾತು ಹಳೆಯದನ್ನು ಅಣಕಿಸುವಂತೆ ಕೇಳುತ್ತಿತ್ತು. ಮಟ್ಟುಗಳು ಜನರ ನೆನಪಿನಿಂದ ಅಳಿದಂತೆ ಈ ಅಣಕವೂ ಅಳಿಯಿತು. ಹೀಗಾಗಿ ಮುಂದಿನವರಿಗೆ ಹಾಡನ್ನು ಕೈಬಿಡುವುದು, ಹೊಸದಾಗಿ ಸಂಯೋಜಿಸುವುದು, ಇಲ್ಲವೆ ಅದರ ಕೆಲಸವನ್ನು ಬೇರೊಂದು ಸಾಧನಕ್ಕೆ ವಹಿಸುವುದು, ಇವಿಷ್ಟೇ ದಾರಿಗಳು ಉಳಿದವು.

ರೂಪಾಂತರ ಮತ್ತು ಪ್ರಯೋಗಗಳು

ಇಂಗ್ಲಿಷಿನಲ್ಲಿ ಡಬ್ಲ್ಯು. ಎಸ್. ಗಿಲ್ಬರ್ಟ್ ಗುಪ್ತನಾಮದಲ್ಲಿ 'ದ ವೆಡಿಂಗ್ ಮಾರ್ಚ್' ಎಂದು ರೂಪಾಂತರಿಸಿದ ನಾಟಕ 1873ರಲ್ಲಿ ಲಂಡನ್ನಿನ ಕೋರ್ಟ್ ಥಿಯೇಟರಿನಲ್ಲಿ ಯಶಸ್ಸು ಕಂಡಿತು. ಅದನ್ನೇ ಅವನು ಜಾರ್ಜ್ ಗ್ರಾಸ್‌ಸ್ಮಿತ್‌ನ ಸಂಗೀತದೊಂದಿಗೆ 1892ರಲ್ಲಿ 'ಹೇಸ್ಟ್ ಟು ದ ವೆಡಿಂಗ್' ಎಂಬ ಗೀತನಾಟಕವಾಗಿಸಿದಾಗ ಪ್ರಯೋಗ ಬಹುಕಾಲ ನಿಲ್ಲಲಿಲ್ಲ.

ರೆನೆ ಕ್ಲೇರ್‌ನ ಚಿತ್ರ (1928) ಮೂಕಿಯಾದ್ದರಿಂದ ಹಾಡಿನ ಜೊತೆಗೆ ಮಾತನ್ನೂ ಬಿಡಬೇಕಾಯಿತು. ಕಥೆಯನ್ನು 1895ಕ್ಕೆ, ಅಂದರೆ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಚಲನಚಿತ್ರ ತೋರಿಸಿದ ವರ್ಷಕ್ಕೆ, ಸರಿಸಿದ ಕ್ಲೇರ್ ಪಲ್ಲವಿಯ ಕೆಲಸವನ್ನು ವಸ್ತುಗಳಿಗೆ ಒಪ್ಪಿಸಿದ: ಬಿಗಿಬೂಟು, ಕೈಗವಸು, ಜಾರುವ ಟೈ ಮತ್ತೆ ಮತ್ತೆ ಬರುತ್ತವೆ, ಮತ್ತು ಹೆಂಡತಿಯೊಬ್ಬಳು ಗಂಡನಿಗೆ ಟೈ ಸರಿಮಾಡಿಕೊಳ್ಳಲು ಸನ್ನೆ ಮಾಡಿದರೆ ಸುತ್ತಲಿನ ಗಂಡಸರೆಲ್ಲ ತಮ್ಮ ತಮ್ಮ ಟೈ ಮುಟ್ಟಿಕೊಳ್ಳುತ್ತಾರೆ. ಉಳಿದ ರೂಪಾಂತರಗಳಿಗಿಂತ ಇದು ಮೂಲದ ಲಯಕ್ಕೆ ಹತ್ತಿರವಾದುದೆನ್ನಬಹುದು.

ಅಮೆರಿಕದಲ್ಲಿ ನಿರುದ್ಯೋಗಿ ಕಲಾವಿದರಿಗಾಗಿ ಸರ್ಕಾರ ನಡೆಸಿದ ಫೆಡರಲ್ ಥಿಯೇಟರ್ ಯೋಜನೆಯಡಿ ಆರ್ಸನ್ ವೆಲ್ಸ್, ಎಡ್ವಿನ್ ಡೆನ್ಬಿಯೊಡನೆ ಸಿದ್ಧಪಡಿಸಿದ 'ಹಾರ್ಸ್ ಈಟ್ಸ್ ಹ್ಯಾಟ್' 1936ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆಯಿತು. ಸಂಗೀತ ಪಾಲ್ ಬೌಲ್ಸ್‌ನದು. ಮೂಲನೆಲದ ಪ್ರತಿಷ್ಠಿತ ರಂಗಸಂಸ್ಥೆಯಾದ ಕಾಮೆಡಿ-ಫ್ರಾಂಸೇಸ್ ಇದನ್ನು ತನ್ನ ವೇದಿಕೆಗೆ ಬರಮಾಡಿಕೊಂಡದ್ದು 1938ರಲ್ಲಿ, ಗಾಸ್ತೋಂ ಬಾತಿಯ ನಿರ್ದೇಶನದಲ್ಲಿ. ಲಾಬಿಶ್ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾಗಿ (1880) ಆಗಲೇ ಅರ್ಧ ಶತಮಾನಕ್ಕೂ ಹೆಚ್ಚು ಕಳೆದಿತ್ತು.

ನೀನೊ ರೋಟಾ ತಾಯಿ ಎರ್ನೆಸ್ತಾ ರಿನಾಲ್ಡಿಯೊಂದಿಗೆ ಸಾಹಿತ್ಯ ಬರೆದು ರಚಿಸಿದ ಇಟಾಲಿಯನ್ ಆಪೆರಾ 1955ರಲ್ಲಿ ಪಲೆರ್ಮೊದಲ್ಲಿ ರಂಗಕ್ಕೆ ಬಂತು. ಸೋವಿಯತ್ ದೂರದರ್ಶನ ಚಿತ್ರಕ್ಕೆ (1974) ಬುಲಾತ್ ಅಕುಜಾವಾ ಸಾಹಿತ್ಯವನ್ನೂ ಐಸಾಕ್ ಶ್ವಾರ್ಟ್ಸ್ ಸಂಗೀತವನ್ನೂ ಹೊಸದಾಗಿ ಒದಗಿಸಿದರು.